ನಿವೃತ್ತಿ ವೇತನವೂ ಸರಕಾರಿ ನೌಕರಿಯೂ

“ಸರಕಾರಿ ಕೆಲಸ ಸಿಕ್ಕಿದರೆ ಸಾಕು, ಮುಪ್ಪಿಗೆ ಪಿಂಚಣಿಯಿದೆ” ಎಂದು ಹಿರಿಯರು ಮಕ್ಕಳಿಗೆ ಬುದ್ಧಿ ಹೇಳುವುದು ನಮ್ಮ ಕಾಸರಗೋಡಿನ ಕಡೆ ವಾಡಿಕೆ. ಈ ಮಾತನ್ನು ಇಂದು ವಿಚಾರಿಸಿಯೇ ಹೇಳಬೇಕಾಗಿದೆ. ಅದೇಕೆಂಬುದನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ಸಂಕ್ಷೇಪವಾಗಿ ತಿಳಿಸಬಯಸುತ್ತೇವೆ.

ಪಿಂಚಣಿಯು ಸರಕಾರದ ಕೃಪಾದಾನವಲ್ಲವೆಂದು ಸುಪ್ರೀಂ ಕೋರ್ಟು 1982ರಲ್ಲಿ ನಕಾರಾ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಅದು ಹಿಂದಣ ಸೇವೆಗೆ ಸಲ್ಲುವ ಪ್ರತಿಫಲ. ಹಳೆಯ ಪದ್ಧತಿಯಲ್ಲಿ ನೌಕರನು ಪಿಂಚಣಿಗಾಗಿ ವಂತಿಗೆ ಕೊಡಬೇಕಾಗಿರಲಿಲ್ಲ. ಪೂರ್ಣಾವಧಿ ದುಡಿದವನಿಗೆ ಕೊನೆಯ ವೇತನದ ಸುಮಾರು ಅರ್ಧದಷ್ಟು ಹಣ ಜೀವನಪರ್ಯಂತ ದೊರೆಯುತ್ತಿತ್ತು. ಆದರೆ ನಡುವೆ ರಾಜೀನಾಮೆಯಿತ್ತು ಖಾಸಗಿ ಕೆಲಸಕ್ಕೆ ಹೋದವನು ಅದನ್ನು ಕಳೆದುಕೊಳ್ಳುತ್ತಿದ್ದನು. ಹೀಗೆ ಪಿಂಚಣಿಯು ಯುವಕರನ್ನು ಸೇವೆಗೆ ಸೆಳೆಯುವ ಆಕರ್ಷಣೆಯೂ, ಸೇರಿದವರನ್ನು ಬಿಗಿದಿಡುವ ಹಗ್ಗವೂ ಆಗಿತ್ತು.

ವೆಚ್ಚದ ಹೊರೆ ಬೆಳೆದುದರಿಂದ ಕೇಂದ್ರ ಸರಕಾರವು 2004ನೆಯ ಜನವರಿ 1ರಿಂದ ಸೇರಿದವರಿಗೆ, ಸೈನ್ಯವನ್ನು ಹೊರತುಪಡಿಸಿ, ವಂತಿಗೆಯ ಪದ್ಧತಿಯನ್ನು ತಂದಿತು. ಕೇರಳದಲ್ಲಿ ಇದು 2013ನೆಯ ಏಪ್ರಿಲ್ 1ರಿಂದ ಬಂದಿತು. ಈ ಪದ್ಧತಿಯಲ್ಲಿ ನೌಕರನು ಮೂಲವೇತನ ಮತ್ತು ತುಟ್ಟಿಭತ್ಯೆಯ ನೂರಕ್ಕೆ 10 ಪಾಲನ್ನು ಕೊಡುತ್ತಾನೆ. ಸರಕಾರವೂ ತನ್ನ ಪಾಲನ್ನು ಸೇರಿಸುತ್ತದೆ. ಆ ನಿಧಿ ಮಾರುಕಟ್ಟೆಯಲ್ಲಿ ಬೆಳೆದಷ್ಟೇ ಫಲ. ನೌಕರಿ ಬದಲಿಸಿದರೂ ಖಾತೆ ಜೊತೆಯಲ್ಲಿಯೇ ಬರುತ್ತದೆ; ಹಗ್ಗ ಸಡಿಲವಾಯಿತು. ಆದರೆ ಮುಪ್ಪಿನಲ್ಲಿ ತಿಂಗಳಿಗೆ ಎಷ್ಟು ಬರುವುದೆಂಬ ನಿಶ್ಚಯವೂ ಹೋಯಿತು. ಒಂದೇ ಶಾಲೆಯಲ್ಲಿ ಒಂದೇ ಪಾಠ ಹೇಳುವ ಇಬ್ಬರು ಉಪಾಧ್ಯಾಯರು, ಸೇರಿದ ದಿನಾಂಕದ ಮೂಲಕ, ಬೇರೆ ಬೇರೆ ಮುಪ್ಪನ್ನು ಎದುರುನೋಡುವಂತಾಯಿತು.

ಇದರಿಂದ ಸರಕಾರಿ ಹುದ್ದೆಗಳಿಗೆ ಅರ್ಜಿ ಹಾಕುವವರು ಇಲ್ಲವಾಗಲಿಲ್ಲ; ವೇತನ ಮತ್ತು ಭದ್ರತೆಗಳ ಆಕರ್ಷಣೆ ಇದ್ದೇ ಇದೆ. ಆದರೆ ಬೇರೆಡೆ ಹೆಚ್ಚು ಗಳಿಸಬಲ್ಲ ವೈದ್ಯರನ್ನೂ ಇಂಜಿನಿಯರರನ್ನೂ ಉಳಿಸಿಕೊಳ್ಳುವ ಒಂದು ಸಾಧನವು ಕುಂದಿತೆಂದು ನಮ್ಮ ಅಭಿಪ್ರಾಯ. ಒಳಗಿದ್ದವರ ಅಸಮಾಧಾನವೂ ಬೆಳೆಯಿತು. 2023ರ ಮಾರ್ಚಿಯಲ್ಲಿ ಮಹಾರಾಷ್ಟ್ರದ ನೌಕರರು ಹಳೆಯ ಪಿಂಚಣಿಗಾಗಿ ಮುಷ್ಕರ ಹೂಡಿದರು. ಕೇಂದ್ರವು 2025ನೆಯ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆಯನ್ನು ಆಯ್ಕೆಗೆ ಬಿಟ್ಟಿತು. ಇದರಂತೆ 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ನಿಶ್ಚಿತ. ರಾಜೀನಾಮೆಯಿತ್ತವರಿಗೆ ಆ ಭರವಸೆಯಿಲ್ಲ. ಹಗ್ಗ ಮತ್ತೆ ಬಿಗಿಯಿತು.

ಆದುದರಿಂದ ಪಾಲಕರೇ, ಮಕ್ಕಳನ್ನು ಸರಕಾರಿ ಸೇವೆಗೆ ಅವಶ್ಯವಾಗಿ ಕಳುಹಿಸಿರಿ. ಆದರೆ ಯಾವ ಸರಕಾರ, ಯಾವ ಯೋಜನೆ, ಎಷ್ಟು ವರ್ಷದ ಸೇವೆ ಎಂಬುದನ್ನು ನೇಮಕಾತಿಯ ನಿಯಮಗಳಲ್ಲಿ ಓದಿ ತಿಳಿದ ಮೇಲೆಯೇ “ಪಿಂಚಣಿಯಿದೆ” ಎಂದು ಅವರಿಗೆ ಹೇಳಿರಿ.