ಹಾಡಿನ ಹಿಂದಿನ ಸ್ಟೀಲ್ ಗಿಟಾರ್

ಸಮೀರವಾಡಿ ಫ್ಯಾಕ್ಟರಿಗೆ ಕಬ್ಬು ಹೇರ್ಕೊಂಡು ಹೊಂಟ ಟ್ರ್ಯಾಕ್ಟರ್‌ನ್ಯಾಗ ಹಾಡು ಜೋರ ಹಚ್ಚಿರ್ತಾರ. ಹಾಡಿದವರ ಹೆಸರು ಎಲ್ಲಾರಿಗೂ ಗೊತ್ತು. ನಡುವ ಗಿಟಾರ್ ನುಡಿಸಿದವರು ಯಾರ್ರೀ?

ಅವರಿಗೆ ಸೆಷನ್ ಕಲಾವಿದರು ಅಂತಾರ. ಸ್ಟುಡಿಯೋಕ್ಕ ಬರೂದು, ಹೆಡ್‌ಫೋನ್ ಹಾಕ್ಕೊಂಡು ತಮ್ಮ ಪಾಲಿಂದು ನುಡಿಸೂದು, ರೊಕ್ಕ ತಗೊಂಡು ಮುಂದಿನ ರೆಕಾರ್ಡಿಂಗಿಗೆ ಹೋಗೂದು.

ಇಂಥವರು ನುಡಿಸೂ ವಾದ್ಯದಾಗ ಸ್ಟೀಲ್ ಗಿಟಾರ್ ಒಂದು; ಅದನ್ನ ನುಡಿಸೂ ರೀತಿನ ಬ್ಯಾರೆ. ಗಿಟಾರ್ ತೊಡಿ ಮ್ಯಾಲ ಅಡ್ಡ ಇಟ್ಕೊಂಡು, ಎಡಗೈಯಾಗ ಉಕ್ಕಿನ ತುಂಡು ಹಿಡಿದು ತಂತಿ ಮ್ಯಾಲ ಜಾರಿಸ್ತಾರ. ಸ್ವರ ಎಲ್ಲೂ ತುಂಡಾಗದಂಗ ಮೀಂಡ್, ಅಂದ್ರ ಸ್ವರದಿಂದ ಸ್ವರಕ್ಕ ಜಾರೂದು, ಬರ್ತದ. ಹವಾಯಿ ದ್ವೀಪದಾಗ ಹುಟ್ಟಿದ ಈ ಪದ್ಧತಿ ಅಮೆರಿಕಾದ ಕಂಟ್ರಿ ರಾಕ್‌ಗೂ ಹೋತು, ನಮ್ಮ ಹಿಂದುಸ್ತಾನಿ ಸಂಗೀತಕ್ಕೂ ಬಂತು. 1994ರಾಗ, ಹಿಂಗ ಗಿಟಾರ್ ಜಾರಿಸಿ ನುಡಿಸೂ ವಿಶ್ವಮೋಹನ ಭಟ್ ಅವರು ಅಮೆರಿಕಾದ ರೈ ಕೂಡರ್ ಜೋಡಿ ಗ್ರ್ಯಾಮಿ ಗೆದ್ರು.

ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರದೂ ಇದ ವಾದ್ಯ. ರಿಕಿ ಕೇಜ್, ವೌಟರ್ ಕೆಲ್ಲರ್‌ಮನ್ ಮಾಡಿದ ‘ವಿಂಡ್ಸ್ ಆಫ್ ಸಂಸಾರ’ ಆಲ್ಬಂನ್ಯಾಗ ಅವರ ಸ್ಟೀಲ್ ಗಿಟಾರ್ ಐತಿ. 2015ರಾಗ ಅದಕ್ಕ ಗ್ರ್ಯಾಮಿ ಬಂತು. ಪ್ರಶಸ್ತಿ ಮಾತ್ರ ಮುಖ್ಯ ಕಲಾವಿದರಿಬ್ಬರ ಹೆಸರಿಗೆ.

ಸೆಷನ್ ಕಲಾವಿದರ ಬದುಕು ಹಿಂಗ: ಕೆಲಸ ಎಲ್ಲಾರ ಕಿವಿಗೆ, ಹೆಸರು ಸಣ್ಣ ಅಕ್ಷರದಾಗ. ಇನ್ನ ಮ್ಯಾಲ ಹಾಡು ಇಷ್ಟ ಆದ್ರ, ಅದರ ಕ್ರೆಡಿಟ್ಸ್ ಒಮ್ಮೆ ತೆಗೆದು ಓದ್ರಿ.