ಆಕಾಶಕ್ಕೆ ಪಾಠ ಒಪ್ಪಿಸುವ ಆಟ

ಭಾನುವಾರದ ಮಧ್ಯಾಹ್ನ. ಊಟ ಮುಗಿಸಿ ಮನೆಯವರೆಲ್ಲ ಅಡ್ಡಾಗಿದ್ದರು. ನಾನು ಕೋಣೆಯ ಬಾಗಿಲು ಮುಂದಕ್ಕೆ ಮಾಡಿಕೊಂಡು, ಕಿವಿಗೆ ಹೆಡ್‌ಸೆಟ್ ಏರಿಸಿ, ಕಂಪ್ಯೂಟರಿನ ಮುಂದೆ ಕೂತಿದ್ದೆ. ತೆರೆಯ ಮೇಲೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ. ಅದರ ಒಂದು ಮೂಲೆಯಲ್ಲಿ ನನ್ನ ನಾಲ್ಕು ಸೀಟಿನ ಸೆಸ್ನಾ 172. ಹೋಗಬೇಕಾದ್ದು ಮಂಗಳೂರಿಗೆ. ಮೂರು ತಿಂಗಳಿಂದ ಇದೇ ವಿಮಾನವನ್ನು ಏರಿಸಿ ಇಳಿಸಿ ಕೈ ಪಳಗಿತ್ತು. ಆದರೆ ಆವತ್ತು ಒಂದು ಗುಂಡಿ ಒತ್ತಿ ಮಾತಾಡಬೇಕಿತ್ತು. ಆ ಗುಂಡಿಯ ಮೇಲೆ ಬೆರಳಿಟ್ಟು ಹತ್ತು ನಿಮಿಷ ಸುಮ್ಮನೆ ಕೂತೇ ಇದ್ದೆ. ಅಷ್ಟು ದಿನ ನನ್ನ ಆಕಾಶದಲ್ಲಿ ನಾನೊಬ್ಬನೇ. ಇವತ್ತು ಆಚೆ ತುದಿಯಲ್ಲಿ ಒಬ್ಬ ಮನುಷ್ಯ ಇದ್ದ.

ಕೊನೆಗೂ ಒತ್ತಿದೆ. ನನ್ನ ವಿಮಾನದ ಹೆಸರು ಹೇಳಿ, ಮಂಗಳೂರಿಗೆ ಹೋಗಲು ಅನುಮತಿ ಬೇಕು ಅಂದೆ. ಅತ್ತಲಿಂದ ಸಮಾಧಾನದ ದನಿಯೊಂದು ಒಂದೇ ಉಸಿರಿಗೆ ಐದು ಸಂಗತಿ ಹೇಳಿತು: ಎಲ್ಲಿಯವರೆಗೆ ಹೋಗಬಹುದು, ಯಾವ ದಾರಿಯಲ್ಲಿ, ಮೊದಲಿಗೆ ಎಷ್ಟು ಎತ್ತರ, ಮೇಲೇರಿದ ಮೇಲೆ ಯಾವ ಫ್ರೀಕ್ವೆನ್ಸಿ, ರಾಡಾರಿನಲ್ಲಿ ನನ್ನನ್ನು ಗುರುತಿಸುವ ನಾಲ್ಕಂಕಿಯ ಸಂಖ್ಯೆ ಯಾವುದು. ನಾನು "ಓಕೆ ಸರ್, ಥ್ಯಾಂಕ್ಯೂ ಸರ್" ಅಂದೆ.

ಒಂದು ಕ್ಷಣ ಮೌನ. ಆಮೇಲೆ ಅದೇ ಸಮಾಧಾನದಲ್ಲಿ, "ರೀಡ್ ಬ್ಯಾಕ್, ಪ್ಲೀಸ್."

ಒಪ್ಪಿಸು ಅಂತ ಅರ್ಥ. ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರ ಮೇಜಿನ ಮುಂದೆ ಕೈಕಟ್ಟಿ ನಿಂತು ಹದಿಮೂರರ ಮಗ್ಗಿ ಒಪ್ಪಿಸುತ್ತಿದ್ದೆವಲ್ಲ, ಥೇಟ್ ಅದೇ. ಹೇಳಿದ್ದನ್ನು ಹೇಳಿದ ಹಾಗೆ ತಿರುಗಿ ಹೇಳುವವರೆಗೆ ಪಾಠ ಮುಗಿಯುವುದಿಲ್ಲ, ವಿಮಾನವೂ ಅಲ್ಲಾಡುವುದಿಲ್ಲ.

ಮೂಕ ಆಕಾಶಕ್ಕೆ ಮಾತು ಬಂತು

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸಕ್ಕೆ ನಲವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಬ್ರೂಸ್ ಆರ್ಟ್‌ವಿಕ್ ಎಂಬ ಅಮೆರಿಕನ್ ಎಂಜಿನಿಯರ್ ಆ್ಯಪಲ್ 2 ಯಂತ್ರಕ್ಕಾಗಿ ಬರೆದ ಫ್ಲೈಟ್ ಸಿಮ್ಯುಲೇಟರಿನಲ್ಲಿ ನಾಲ್ಕು ಗೆರೆ ಎಳೆದರೆ ಅದೇ ರನ್‌ವೇ. ಮೈಕ್ರೋಸಾಫ್ಟ್ 1982ರಲ್ಲಿ ಅದನ್ನೇ ತನ್ನ ಹೆಸರಿನಲ್ಲಿ ಹೊರತಂದಿತು. ವರ್ಷದಿಂದ ವರ್ಷಕ್ಕೆ ಚಿತ್ರಗಳು ನಿಜಕ್ಕೆ ಹತ್ತಿರವಾಗುತ್ತ ಹೋದವು. 2020ರ ಆಗಸ್ಟಿನಲ್ಲಿ ಬಂದ ಆವೃತ್ತಿಯಂತೂ ಉಪಗ್ರಹ ಚಿತ್ರಗಳಿಂದ ಇಡೀ ಭೂಮಂಡಲವನ್ನೇ ಕಟ್ಟಿಕೊಟ್ಟಿತು. ನಿಮ್ಮೂರ ಕೆರೆಯೂ ಅದರಲ್ಲಿದೆ.

ಆದರೆ ಎಷ್ಟು ಚೆಂದವಿದ್ದರೂ ಆ ಆಕಾಶ ಮೂಕ. ಇಂಟರ್‌ನೆಟ್ ಬಂದ ಮೇಲೆ ಹವ್ಯಾಸಿಗಳು ಆ ಕೊರತೆ ತುಂಬಿಕೊಂಡರು. 1997ರ ಹೊತ್ತಿಗೆ ಸ್ಯಾಟ್ಕೋ ಎಂಬ ಕೂಟ ಹುಟ್ಟಿತು. ಅಲ್ಲಿ ಕೆಲವರು ಪೈಲಟ್‌ಗಳು, ಕೆಲವರು ರಾಡಾರ್ ನೋಡುತ್ತ ಅವರಿಗೆ ದಾರಿ ಹೇಳುವ ನಿಯಂತ್ರಕರು. 1998ರ ಕೊನೆಗೆ ಐವಿಎಒ, 2001ರ ಜುಲೈಯಲ್ಲಿ ಸ್ಯಾಟ್ಕೋದ ಜಾಗಕ್ಕೆ ವ್ಯಾಟ್ಸಿಮ್ ಬಂದವು. ಇವತ್ತಿಗೂ ಈ ಹವ್ಯಾಸದ ದೊಡ್ಡ ಮನೆಗಳು ಇವೆರಡೇ. ಎರಡಕ್ಕೂ ಶುಲ್ಕವಿಲ್ಲ. ಕಲಿಸುವವರು, ಪರೀಕ್ಷೆ ಮಾಡುವವರು, ರಾತ್ರಿಯಿಡೀ ರಾಡಾರ್ ಮುಂದೆ ಕೂರುವವರು ಎಲ್ಲರೂ ಸಂಬಳವಿಲ್ಲದ ಸ್ವಯಂಸೇವಕರು.

ಇವರು ಕಟ್ಟಿರುವುದು ಒಂದೇ ಒಂದು ಹಂಚಿಕೊಂಡ ಆಕಾಶ. ನೀವು ಬೆಂಗಳೂರಿನಲ್ಲಿ ನಿಂತಿದ್ದರೆ ಪಕ್ಕದಲ್ಲಿ ನಿಂತ ಏರ್‌ಬಸ್ಸಿನೊಳಗೂ ಯಾವುದೋ ದೇಶದ ಯಾವುದೋ ಮನೆಯ ಒಬ್ಬ ಮನುಷ್ಯ ಕೂತಿರುತ್ತಾನೆ. ಹವಾಮಾನವೂ ನಿಜದ್ದೇ. ಜುಲೈಯಲ್ಲಿ ಮಂಗಳೂರಿಗೆ ಹೊರಟರೆ ಘಟ್ಟ ದಾಟುತ್ತಿದ್ದಂತೆ ನಿಮ್ಮ ತೆರೆಯೂ ಮೋಡದಲ್ಲಿ ಮುಳುಗುತ್ತದೆ.

ಆಡುವುದೂ ಒಂದು ಕಸುಬು

ನಮ್ಮ ಭಾಷೆಯಲ್ಲಿ ಆಟವನ್ನೂ ಆಡುತ್ತೇವೆ, ಮಾತನ್ನೂ ಆಡುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಈ ಹವ್ಯಾಸದ ಗುಟ್ಟು ಆ ಪದದಲ್ಲೇ ಇದೆ. ಇಲ್ಲಿ ಮಾತೇ ಆಟ.

ಮಾತಿಗೆ ಇಷ್ಟು ಕಟ್ಟುನಿಟ್ಟು ಯಾಕೆ ಎಂಬುದಕ್ಕೆ ನಿಜದ ಆಕಾಶ ತೆತ್ತ ಬೆಲೆಯ ಲೆಕ್ಕವಿದೆ. 1977ರ ಮಾರ್ಚ್ 27ರಂದು ಕ್ಯಾನರಿ ದ್ವೀಪಗಳ ಟೆನೆರಿಫೆಯಲ್ಲಿ ದಟ್ಟ ಮಂಜು. ಕೆಎಲ್‌ಎಮ್ ವಿಮಾನದಿಂದ ಬಂದ ಒಂದು ಅಸ್ಪಷ್ಟ ವಾಕ್ಯವನ್ನು ನಿಯಂತ್ರಕರು 'ಹೊರಡಲು ಸಿದ್ಧನಿದ್ದೇನೆ' ಎಂದು ತಿಳಿದರು. ವಿಮಾನ ಆಗಲೇ ಓಡತೊಡಗಿತ್ತು. ಅದೇ ರನ್‌ವೇ ಮೇಲಿದ್ದ ಪ್ಯಾನ್ ಆ್ಯಮ್ ವಿಮಾನ 'ನಾವಿನ್ನೂ ಇಲ್ಲೇ ಇದ್ದೇವೆ' ಎಂದು ಹೇಳಿದ ಕ್ಷಣದಲ್ಲೇ ನಿಯಂತ್ರಕರೂ ಮಾತಾಡಿದರು. ಒಂದೇ ಫ್ರೀಕ್ವೆನ್ಸಿಯಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಕೇಳುವವನಿಗೆ ಸಿಗುವುದು ಕಿರ್ರೆನ್ನುವ ಸದ್ದು. ಎರಡೂ ವಿಮಾನ ಡಿಕ್ಕಿಯಾದವು. ಸತ್ತವರು 583 ಮಂದಿ. ಆಮೇಲೆ 'ಟೇಕಾಫ್' ಎಂಬ ಪದಕ್ಕೇ ಬೇಲಿ ಹಾಕಲಾಯಿತು. ಹೊರಡಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಅದನ್ನು ಬಳಸಬೇಕು. ಉಳಿದ ಹೊತ್ತಿನಲ್ಲಿ 'ಡಿಪಾರ್ಚರ್' ಅನ್ನಬೇಕು.

ನಮ್ಮ ದೇಶದ್ದೇ ಇನ್ನೊಂದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಮಂದಿ ತೀರಿಕೊಂಡರು. ಕಜಕಸ್ತಾನದ ವಿಮಾನಕ್ಕೆ 15,000 ಅಡಿಯಲ್ಲಿ ಇರಲು ಹೇಳಿತ್ತು. ಅದು ಕೆಳಗಿಳಿಯಿತು, 14,000ದಲ್ಲಿ ಸೌದಿಯ ಜಂಬೋ ಬರುತ್ತಿತ್ತು. ಕಜಕಸ್ತಾನದ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ತಿಳಿಯದಿದ್ದದ್ದೂ ಒಂದು ಕಾರಣವೆಂದು ತನಿಖೆ ಹೇಳಿತು.

ವ್ಯಾಟ್ಸಿಮ್‌ನಲ್ಲಿ ಯಾರೂ ಸಾಯುವುದಿಲ್ಲ. ಆದರೂ ಆ ಬೇಲಿಗಳೆಲ್ಲ ಹಾಗೇ ಇವೆ. 2019ರಲ್ಲಿ ಬಂದ ಹೊಸ ಧ್ವನಿ ವ್ಯವಸ್ಥೆಯಲ್ಲಿ ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಆ ಕಿರ್ರೆನ್ನುವ ಸದ್ದು ಕೂಡ ಬರುತ್ತದೆ. ಹಾಗಾಗಿ ಇಲ್ಲಿ ಮೊದಲು ಕಲಿಯುವ ವಿದ್ಯೆ ಬಾಯಿ ತೆರೆಯುವ ಮುನ್ನ ಎರಡು ಕ್ಷಣ ಕಿವಿಗೊಡುವುದು.

'ಟ್ರೀ' ಅಂದರೆ ತಪ್ಪಲ್ಲ

ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ ಎಂದು ಹಿಂಜರಿಯುವವರು ಬಹಳ. ನಾನೂ ಕನ್ನಡ ಮಾಧ್ಯಮದವನೇ. ಅವರಿಗೆ ಹೇಳುವುದಿಷ್ಟು: ಇದು ಇಂಟರ್‌ವ್ಯೂನಲ್ಲಿ ಕೇಳುವ ಇಂಗ್ಲಿಷ್ ಅಲ್ಲ. ಇದರಲ್ಲಿ ವ್ಯಾಕರಣಕ್ಕಿಂತ ಲೆಕ್ಕ ಜಾಸ್ತಿ. ಕೆಲವು ನೂರು ಪದ, ಹತ್ತು ಅಂಕಿ, ಇಪ್ಪತ್ತಾರು ಅಕ್ಷರ. ಯಾರನ್ನು ಕರೆಯುತ್ತಿದ್ದೀರಿ, ನೀವು ಯಾರು, ಎಲ್ಲಿದ್ದೀರಿ, ಏನು ಬೇಕು. ಈ ನಾಲ್ಕು ಹೇಳಿದರೆ ಮಾತು ಮುಗಿಯಿತು. ಸೊಗಸಾಗಿ ಇಂಗ್ಲಿಷ್ ಮಾತಾಡುವವರೇ ಇಲ್ಲಿ ಒದ್ದಾಡುವುದು, ಯಾಕೆಂದರೆ ಅವರಿಗೆ ವಾಕ್ಯ ನಿಲ್ಲಿಸಲು ಬರುವುದಿಲ್ಲ.

ಅಕ್ಷರಗಳಿಗೆ ಹೆಸರುಗಳಿವೆ: ಆಲ್ಫಾ, ಬ್ರಾವೋ, ಚಾರ್ಲಿ... ಭಾರತದ ವಿಮಾನಗಳ ನೋಂದಣಿ ವಿ-ಟಿಯಿಂದ ಶುರುವಾಗುತ್ತದೆ. ನನ್ನ ಸೆಸ್ನಾಕ್ಕೆ ನಾನು ಕೊಟ್ಟುಕೊಂಡ ಹೆಸರು ವಿಕ್ಟರ್ ಟ್ಯಾಂಗೋ ಕಿಲೋ ಆಲ್ಫಾ ನವೆಂಬರ್. ಕೊನೆಯ ಮೂರು ಸೇರಿಸಿದರೆ 'ಕನ್', ಕನ್ನಡದ ಅರ್ಧ.

ಅಂಕಿಗಳ ಉಚ್ಚಾರಣೆ ಇನ್ನೂ ಸ್ವಾರಸ್ಯ. ಗದ್ದಲದ ರೇಡಿಯೋದಲ್ಲಿ 'ನೈನ್', 'ಫೈವ್' ಒಂದೇ ಥರ ಕೇಳಿಸುತ್ತವೆಂದು ಒಂಬತ್ತಕ್ಕೆ 'ನೈನರ್', ಐದಕ್ಕೆ 'ಫೈಫ್'. ಮೂರಕ್ಕೆ 'ಟ್ರೀ', ಸಾವಿರಕ್ಕೆ 'ಟೌಸೆಂಡ್'. ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ನಮ್ಮ ಬಾಯಿಂದ ಬಿಡಿಸಲು ವರ್ಷಗಟ್ಟಲೆ ಹೆಣಗಿದ 'ಟ್ರೀ' ಇಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಉಚ್ಚಾರಣೆ. ಬೆಂಗಳೂರಿನ ನಿಲ್ದಾಣವಿರುವುದೇ ಸಮುದ್ರ ಮಟ್ಟದಿಂದ ಸುಮಾರು 'ಟ್ರೀ ಟೌಸೆಂಡ್' ಅಡಿಯ ಮೇಲೆ!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯೊಂದು ಮಾತ್ರ ಇಲ್ಲಿ ನಡೆಯುವುದಿಲ್ಲ. ತಪ್ಪು ಹೇಳಿದರೆ 'ಕರೆಕ್ಷನ್' ಎಂದು ಹೇಳಿ ಸರಿಯಾದ್ದನ್ನು ಹೇಳಬೇಕು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನಿಯಮವೇ ಒಂದು ಪದ ಕೊಟ್ಟಿದೆ. ತಿಳಿಯದಿದ್ದರೆ 'ಸೇ ಎಗೇನ್' ಅನ್ನಬೇಕು. ಹಾಗೆ ಕೇಳಿದವರನ್ನು ನೋಡಿ ಇಲ್ಲಿ ಯಾರೂ ನಕ್ಕಿದ್ದು ನಾನು ಕಂಡಿಲ್ಲ. ಕೇಳದೆ ತಲೆಯಾಡಿಸಿದವರಿಗೇ ಬೈಗುಳ.

ಶುರು ಮಾಡುವ ಬಗೆ

ಬೇಕಾದ ಸಾಮಾನು ಕಡಿಮೆ. ಆಟ ಓಡಿಸಬಲ್ಲ ಕಂಪ್ಯೂಟರ್, ಮೈಕ್ ಇರುವ ಹೆಡ್‌ಸೆಟ್, ನಡುವೆ ಕಡಿಯದ ಇಂಟರ್‌ನೆಟ್, ಸಾಧಾರಣದ್ದೊಂದು ಜಾಯ್‌ಸ್ಟಿಕ್. ಸಿಮ್ಯುಲೇಟರ್ ಮೈಕ್ರೋಸಾಫ್ಟಿನದ್ದಾಗಬಹುದು, ಲ್ಯಾಮಿನಾರ್ ರಿಸರ್ಚಿನ ಎಕ್ಸ್-ಪ್ಲೇನ್ ಆಗಬಹುದು. ಕಾಸು ಖರ್ಚಿಲ್ಲದೆ ರುಚಿ ನೋಡಬೇಕೆಂದರೆ ಫ್ಲೈಟ್‌ಗೇರ್ ಎಂಬ ಮುಕ್ತ ತಂತ್ರಾಂಶವಿದೆ. ಸಿಮ್ಯುಲೇಟರನ್ನು ವ್ಯಾಟ್ಸಿಮ್‌ಗೆ ಜೋಡಿಸಲು ವಿ-ಪೈಲಟ್, ಎಕ್ಸ್-ಪೈಲಟ್‌ನಂಥ ಪುಟ್ಟ ತಂತ್ರಾಂಶಗಳು ಉಚಿತ. ಪ್ರಯಾಣದ ದಾರಿ, ಇಂಧನದ ಲೆಕ್ಕ ಹಾಕಿಕೊಡಲು ಸಿಮ್‌ಬ್ರೀಫ್ ಇದೆ.

ವ್ಯಾಟ್ಸಿಮ್ ಸೇರಲು 13 ವರ್ಷ ತುಂಬಿರಬೇಕು. ಮೂಲ ಪಾಠಗಳನ್ನು ಓದಿ ಒಂದು ಸಣ್ಣ ಪರೀಕ್ಷೆ ಪಾಸಾಗಬೇಕು. ಆಮೇಲೂ ಆತುರ ಬೇಡ. ಮೊದಲ ಒಂದು ವಾರ ವಿಮಾನ ಹಾರಿಸದೆ ಬರೀ ಕೇಳುಗರಾಗಿ ಕೂತುಕೊಳ್ಳಿ, ಅದಕ್ಕೂ ಅವಕಾಶವಿದೆ. ಕಾಗದ, ಪೆನ್ನು ಪಕ್ಕದಲ್ಲಿರಲಿ. ಬೇರೆಯವರಿಗೆ ಕೊಟ್ಟ ಅನುಮತಿಯನ್ನು ಬರೆದುಕೊಂಡು ಗೋಡೆಗೆ ಒಪ್ಪಿಸಿ. ನಾನು ಹಾಗೆ ಮಾಡಲಿಲ್ಲ, ಅದಕ್ಕೇ "ಓಕೆ ಸರ್" ಆಯಿತು.

ಎರಡನೆಯದು, ದೊಡ್ಡ ಜೆಟ್ ಬೇಡ. ಗಂಟೆಗೆ ಇನ್ನೂರು ಕಿಲೋಮೀಟರಿನ ಸೆಸ್ನಾದಲ್ಲಿ ಯೋಚಿಸಲು ಸಮಯ ಸಿಗುತ್ತದೆ. ಮೂರನೆಯದು, ಗದ್ದಲದ ನಿಲ್ದಾಣ ಬೇಡ. ವಾರಾಂತ್ಯದ ಉತ್ಸವಗಳ ಹೊತ್ತಿಗೆ, ಅದರಲ್ಲೂ ಅಟ್ಲಾಂಟಿಕ್ ದಾಟುವ 'ಕ್ರಾಸ್ ದ ಪಾಂಡ್' ದಿನ, ನೂರಾರು ವಿಮಾನ ಸಾಲುಗಟ್ಟಿರುತ್ತವೆ. ಹೊಸಬರು ಅಲ್ಲಿ ಹೋಗುವುದು ಸಂತೆಯ ದಿನ ಸೈಕಲ್ ಕಲಿತ ಹಾಗೆ. ಮೈಸೂರು, ಹುಬ್ಬಳ್ಳಿ ಒಳ್ಳೆಯದು.

ಕೆಲವು ಕಡ್ಡಾಯಗಳೂ ಇವೆ. ಲಾಗಿನ್ ಆಗಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸೀಟು ಬಿಟ್ಟು ಹೋಗುವಂತಿಲ್ಲ. ನಿಯಂತ್ರಕರು ಕರೆದರೆ ಓಗೊಡಲೇಬೇಕು. ಅಪಹರಣದ ಸಂಕೇತವಾದ 7500 ಸಂಖ್ಯೆಯನ್ನು ತಮಾಷೆಗೂ ಹಾಕುವಂತಿಲ್ಲ.

ಮೇಜಿನ ಆಚೆ ಬದಿ

ಹಾರಿಸಿ ಹಾರಿಸಿ ಕೆಲವರಿಗೆ ದಾರಿ ಹೇಳುವ ಆಸೆ ಹುಟ್ಟುತ್ತದೆ. ಅದು ನಿಧಾನದ ವಿದ್ಯೆ. ಮೆಟ್ಟಿಲುಗಳು ಹೀಗೆ: ಮೊದಲು ನಿಂತ ವಿಮಾನಕ್ಕೆ ಅನುಮತಿ ಕೊಡುವುದು, ನೆಲದ ಮೇಲೆ ನಡೆಸುವುದು, ಆಮೇಲೆ ಟವರ್, ಅಂದರೆ ರನ್‌ವೇಯ ಒಡೆತನ, ಆಮೇಲೆ ಅಪ್ರೋಚ್, ನಿಲ್ದಾಣದ ಸುತ್ತಲಿನ ಆಕಾಶ, ಕೊನೆಗೆ ದೂರದ ದಾರಿಗಳ ಕಂಟ್ರೋಲ್. ಬೆಂಗಳೂರು, ಮಂಗಳೂರು ಎರಡೂ ಚೆನ್ನೈ ಕೇಂದ್ರದ ಆಕಾಶಕ್ಕೆ ಸೇರುತ್ತವೆ. ಪ್ರತಿ ಮೆಟ್ಟಿಲಿಗೂ ಓದು, ಹಿರಿಯರೊಬ್ಬರ ಪಕ್ಕದಲ್ಲಿ ಅಭ್ಯಾಸ, ಪರೀಕ್ಷೆ. ಮೇಲಿನ ಮೆಟ್ಟಿಲಿನವರು ಒಬ್ಬರೇ ಇದ್ದ ದಿನ ಕೆಳಗಿನ ಕೆಲಸವೆಲ್ಲ ಅವರದೇ. ಹಳ್ಳಿಯ ಏಕೋಪಾಧ್ಯಾಯ ಶಾಲೆಯಂತೆ ಒಬ್ಬರೇ ಒಂದರಿಂದ ನಾಲ್ಕರವರೆಗೂ ಪಾಠ ಮಾಡಬೇಕು. ಆವತ್ತು ನನ್ನಿಂದ ಪಾಠ ಒಪ್ಪಿಸಿಕೊಂಡವರೂ ಅಂಥ ಒಂಟಿ ಮೇಷ್ಟ್ರೇ.

ಇಲ್ಲಿನ ಗಂಟೆಗಳು, ಪರೀಕ್ಷೆಗಳು ನಿಜದ ಲೈಸೆನ್ಸಿಗೆ ಲೆಕ್ಕಕ್ಕಿಲ್ಲ ಎಂಬುದನ್ನು ತಂದೆತಾಯಂದಿರು ನೆನಪಿಡಬೇಕು. ಪೈಲಟ್ ಆಗುವವರು ಬೆಂಗಳೂರಿನ ಜಕ್ಕೂರಿನಂಥ ತರಬೇತಿ ಶಾಲೆಯಲ್ಲಿ ನಿಜದ ವಿಮಾನವನ್ನೇ ಏರಬೇಕು. ಆದರೆ ಮೊದಲ ದಿನ ರೇಡಿಯೋ ಕೈಗೆ ಕೊಟ್ಟಾಗ ಅವರ ನಾಲಿಗೆ ಒಣಗುವುದಿಲ್ಲ, ಅದು ಸಣ್ಣ ಲಾಭವಲ್ಲ.

ಕೇಳುವವರಿಲ್ಲದ ಮಾತು

ಆವತ್ತು ಮೂರನೆಯ ಪ್ರಯತ್ನಕ್ಕೆ ನನ್ನ ಪಾಠ ಒಪ್ಪಿತವಾಯಿತು. "ರೀಡ್ ಬ್ಯಾಕ್ ಕರೆಕ್ಟ್" ಎಂಬ ಮೂರು ಪದ ಕೇಳಿದಾಗ ಬೆನ್ನಿನ ಮೇಲೆ ಬೆವರು. ಪಶ್ಚಿಮಕ್ಕೆ ಅರ್ಧ ಗಂಟೆ ಹಾರಿದ ಮೇಲೆ ಆ ದನಿ ನನ್ನನ್ನು ಬೀಳ್ಕೊಟ್ಟು 122.800ಕ್ಕೆ ಹೋಗಲು ಹೇಳಿತು. ನಿಯಂತ್ರಕರಿಲ್ಲದ ಆಕಾಶದಲ್ಲಿ ಎಲ್ಲರೂ ಬಳಸುವ ಸಾಮಾನ್ಯ ಫ್ರೀಕ್ವೆನ್ಸಿ ಅದು. ಅಲ್ಲಿ ಯಾರೂ ಅನುಮತಿ ಕೊಡುವುದಿಲ್ಲ. ನೀವೇ ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ ಎಂದು ಹೇಳುತ್ತ, ಇಲ್ಲವೇ ಟೈಪ್ ಮಾಡುತ್ತ ಹೋಗಬೇಕು, ಕೇಳುವವರು ಇರಲಿ ಬಿಡಲಿ.

ಘಟ್ಟ ದಾಟಿತು. ಬೆಟ್ಟ ಕಡಿದು ಮಾಡಿದ, ಮಂಗಳೂರಿನ ಬಜ್ಪೆಯ ರನ್‌ವೇ ಎರಡು ಕಣಿವೆಗಳ ನಡುವೆ ಮೇಜಿನಂತೆ ಕಂಡಿತು. ನಕ್ಷೆಯಲ್ಲಿ ನೋಡಿದೆ, ಸುತ್ತ ನೂರು ಮೈಲಿಯಲ್ಲಿ ಇನ್ನೊಂದು ವಿಮಾನವಿಲ್ಲ. ಆದರೂ ಇಳಿಯುತ್ತಿದ್ದೇನೆ ಎಂದು ಟೈಪ್ ಮಾಡಿದೆ. ಇಳಿದ ಮೇಲೆ, ರನ್‌ವೇ ಬಿಟ್ಟುಕೊಟ್ಟಿದ್ದೇನೆ ಎಂದೂ ತಿಳಿಸಿದೆ. ಎಂಜಿನ್ ಆರಿಸಿ ಹೆಡ್‌ಸೆಟ್ ತೆಗೆಯುವಾಗ ನಡುಮನೆಯಿಂದ ಅಮ್ಮ ಕೂಗುತ್ತಿದ್ದಳು, "ಎಷ್ಟು ಸಲ ಕರೀಬೇಕೋ, ಕಾಫಿ ಆರಿಹೋಗ್ತಿದೆ!"

"ಕಾಫಿ ಆರ್ತಿದೆ, ಎರಡು ನಿಮಿಷದಲ್ಲಿ ಬಂದೆ" ಅಂದೆ.

ಇಷ್ಟು ವರ್ಷದಲ್ಲಿ ಅವಳ ಮಾತನ್ನು ಪೂರ್ತಿ ಒಪ್ಪಿಸಿದ್ದು ಅದೇ ಮೊದಲು.