ಸಂಶೋಧನೆಗೆ ಒಂದೇ ಆಸ್ಪತ್ರೆ ಸಾಲದೆ?

ಪ್ರಶ್ನೆ: ತುರ್ತು ಚಿಕಿತ್ಸೆಯ ಸಂಶೋಧನೆಗೆ ಹತ್ತಾರು ಆಸ್ಪತ್ರೆಗಳು ಯಾಕೆ ಸೇರಬೇಕು?

ಉತ್ತರ: ಅಪರೂಪದ ಅಪಾಯ ಎಣಿಕೆಗೆ ಸಿಗಬೇಕಲ್ಲ! ಮಕ್ಕಳ ತುರ್ತು ಚಿಕಿತ್ಸೆಯ ಸಂಶೋಧನೆಗೆಂದೇ ಇರುವ ಅಮೆರಿಕದ ‘ಪೆಕಾರ್ನ್’ ಎಂಬ ಆಸ್ಪತ್ರೆಗಳ ಜಾಲ 2004ರಿಂದ 2006ರವರೆಗೆ 25 ತುರ್ತು ವಿಭಾಗಗಳಲ್ಲಿ, ತಲೆಗೆ ಪೆಟ್ಟಾಗಿ ಬಂದ 42,412 ಮಕ್ಕಳನ್ನು ಅಧ್ಯಯನ ಮಾಡಿತು. ಸುಮಾರು 15 ಸಾವಿರ ಮಕ್ಕಳಿಗೆ ಸಿಟಿ ಸ್ಕ್ಯಾನ್ ಆಯಿತು. ಮಿದುಳಿಗೆ ಗಂಭೀರ ಗಾಯವಾಗಿದ್ದುದು 376 ಮಕ್ಕಳಿಗೆ. ಮಿದುಳಿನ ಶಸ್ತ್ರಚಿಕಿತ್ಸೆ ನಡೆದದ್ದು ಬರೀ 60 ಮಕ್ಕಳಿಗೆ. ಇಷ್ಟು ಪ್ರಕರಣಗಳಿಗಾಗಿ ಒಂದೇ ಆಸ್ಪತ್ರೆ ಕಾದು ಕೂತರೆ, ಸಂಶೋಧಕರೇ ನಿವೃತ್ತರಾಗಿಬಿಡುತ್ತಾರೆ.

ಇನ್ನೊಂದು ಲಾಭ: ಒಂದು ಆಸ್ಪತ್ರೆಯ ರೂಢಿ ಎಲ್ಲರ ಸತ್ಯವಾಗುವುದಿಲ್ಲ. ಆದರೆ ಎಲ್ಲ ಕಡೆ ಒಂದೇ ನಮೂನೆಯ ಮಾಹಿತಿ ಪತ್ರ ತುಂಬಿಸಬೇಕು, ರಾತ್ರಿಪಾಳಿಯ ವೈದ್ಯರಿಂದಲೂ! ನನ್ನ ಮಟ್ಟಿಗೆ ನಿಜವಾದ ಸಾಹಸ ಅದೇ. 2009ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪೆಕಾರ್ನ್ ಅಧ್ಯಯನದ ಫಲಿತಾಂಶ, ಯಾವ ಮಗುವಿಗೆ ಸ್ಕ್ಯಾನ್‌ನ ವಿಕಿರಣ ತಪ್ಪಿಸಬಹುದೆಂದು ನಿರ್ಧರಿಸಲು ವೈದ್ಯರಿಗೆ ನೆರವಾಗುತ್ತಿದೆ.